ಹಳೆಯ ಡೀಸೆಲ್ ಪಿಕಪ್: ಕಡಿಮೆ ಖರ್ಚಿನ ದುರಸ್ತಿ ಹೇಗೆ?

ಹಳೆಯ ಪಿಕಪ್ ದುರಸ್ತಿಯ ಖರ್ಚು ಕೈಮೀರುವುದು ಹೆಚ್ಚಾಗಿ ಕೆಲಸದ ಕ್ರಮ ತಪ್ಪಿದಾಗ. ಬಣ್ಣಕ್ಕೆ, ಸೀಟಿಗೆ ಮೊದಲೇ ಹಣ ಸುರಿದರೆ ಬ್ರೇಕ್ ಮತ್ತು ಎಂಜಿನ್‌ಗೆ ಏನೂ ಉಳಿಯುವುದಿಲ್ಲ. ಟಾಟಾ 207, ಬೊಲೆರೊ ಪಿಕಪ್‌ನಂಥ ಗಾಡಿಗಳ ದುರಸ್ತಿಯನ್ನು ಈ ಕ್ರಮದಲ್ಲಿ ಮಾಡಿಸುವುದು ಒಳ್ಳೆಯದು.

1. ದಾಖಲೆ, ಚಾಸಿ: ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರ್ ಗಾಡಿಯೊಂದಿಗೆ ತಾಳೆಯಾಗಬೇಕು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕಾಗುತ್ತದೆ. ಲೀಫ್ ಸ್ಪ್ರಿಂಗ್ ಚಾಸಿಗೆ ಕೂಡುವ ಜಾಗಗಳಲ್ಲಿ ಬಿರುಕು ಹುಡುಕಬೇಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಕಬ್ಬಿಣ ಖಣಖಣ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಚಾಸಿಯೇ ತೂತು ಬಿದ್ದಿದ್ದರೆ ಮುಂದಿನ ಖರ್ಚು ಮಾಡದಿರುವುದೇ ಲಾಭ.

2. ಬ್ರೇಕ್, ಸ್ಟೀರಿಂಗ್: ಡ್ರಮ್ ಬಿಚ್ಚಿ ಲೈನರ್ ಸವೆತ, ವೀಲ್ ಸಿಲಿಂಡರ್ ಸೋರಿಕೆ ನೋಡಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಹಳೆಯದನ್ನು ಪೂರ್ತಿ ಬದಲಿಸಬೇಕು. ಬ್ರೇಕ್, ಸ್ಟೀರಿಂಗ್ ಎರಡಕ್ಕೂ ಗುಜರಿ ಬಿಡಿಭಾಗ ಬೇಡವೇ ಬೇಡ.

3. ಡೀಸೆಲ್, ಗಾಳಿ: ಬಹುಕಾಲ ನಿಂತ ಗಾಡಿಯ ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಕು. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಹೊಸದು ಹಾಕಿದ ಮೇಲೆ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪ್ ಒತ್ತಿ ಏರ್ ತೆಗೆಯಬೇಕು.

4. ಎಂಜಿನ್: ಆಯಿಲ್, ಆಯಿಲ್ ಫಿಲ್ಟರ್, ಕೂಲೆಂಟ್, ಬೆಲ್ಟ್ ಬದಲಿಸಿ, ಕಂಪನಿಯ ಅಳತೆಯಂತೆ ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಬೇಕು. ಆಮೇಲೆ ಹೊಗೆಯ ಬಣ್ಣ ಗಮನಿಸಬೇಕು. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೇ ಇಂಜೆಕ್ಟರ್ ಕೆಟ್ಟಿದೆ. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ಸಿಲಿಂಡರ್‌ಗೆ ಕೂಲೆಂಟ್ ಇಳಿಯುತ್ತಿದೆ. ಇಂಜೆಕ್ಟರ್ ಪರೀಕ್ಷೆ, ಕಂಪ್ರೆಶನ್ ಪರೀಕ್ಷೆ ಮಾಡಿಸದೆ ಎಂಜಿನ್ ಬೋರ್ ಕೆಲಸಕ್ಕೆ ಒಪ್ಪಬಾರದು. ಫಿಲ್ಟರ್, ಇಂಜೆಕ್ಟರ್ ಸರಿಪಡಿಸಿದರೆ ಸಾಕಾಗುವ ಕಡೆ ಇಡೀ ಎಂಜಿನ್ ಬಿಚ್ಚಿಸಿ ಹಣ ಕಳೆದುಕೊಳ್ಳುವವರು ಬಹಳ.

5. ವೈರಿಂಗ್: ಎಂಜಿನ್ ನಿಂತಿರುವಾಗ ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಓಡುವಾಗ ಸುಮಾರು 14. ಓಡುವಾಗಲೂ ಏರದಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು ಆಲ್ಟರ್ನೇಟರ್, ಬೆಲ್ಟ್, ಅರ್ತ್ ವೈರ್ ನೋಡಿಸಬೇಕು.

6. ಟಿಂಕರಿಂಗ್, ಬಣ್ಣ: ಇದು ಕೊನೆಯ ಕೆಲಸ. ಬಾಗಿಲು, ಬಂಪರ್, ಕನ್ನಡಿಯನ್ನು ಬೆಂಗಳೂರಿನ ಶಿವಾಜಿನಗರದಂಥ ಗುಜರಿ ಮಾರುಕಟ್ಟೆಯಲ್ಲಿ ಹುಡುಕಬಹುದು. ತುಕ್ಕನ್ನು ಪೂರ್ತಿ ಉಜ್ಜಿ ತೆಗೆದು ಪ್ರೈಮರ್ ಹೊಡೆಯದಿದ್ದರೆ ಮೇಲಿನ ಬಣ್ಣ ಬೇಗ ಏಳುತ್ತದೆ.

ಎಲ್ಲ ಮುಗಿದ ಮೇಲೆ ಮೊದಲು ಖಾಲಿ ಗಾಡಿ, ನಂತರ ಅರ್ಧ ಲೋಡ್ ಹಾಕಿ ಓಡಿಸಿ, ವೀಲ್ ನಟ್ ಮತ್ತೆ ಬಿಗಿದು, ಸೋರಿಕೆ ನೋಡಿದ ಬಳಿಕವೇ ಎಫ್‌ಸಿಗೆ ಒಯ್ಯಬೇಕು.