‘ನೀವು ಯಾರ ಕಡಿ?’

ಯಾದಗಿರಿ ಜಿಲ್ಲೆಗೆ ಹೊಸದಾಗಿ ಬಂದವರು ಚುನಾವಣೆಯ ಹೊತ್ತಿಗೆ ಸುರಪುರದ ಒಂದು ಚಹಾದಂಗಡಿಯಲ್ಲಿ ಸುಮ್ಮನೆ ಕೂತು ಕಿವಿಗೊಡಬೇಕು. ‘ಯಾವ ಪಕ್ಷ?’ ಎಂದು ಕೇಳುವವರು ಕಡಿಮೆ. ‘ನೀವು ಯಾರ ಕಡಿ?’ ಎಂದೇ ಕೇಳುತ್ತಾರೆ. ಆ ‘ಕಡಿ’ (ಅಂದರೆ ಕಡೆ) ಅರ್ಥವಾದರೆ ಅರ್ಧ ಪಾಠ ಮುಗಿದಂತೆ.

2004ರಲ್ಲಿ ನರಸಿಂಹ ನಾಯಕರು (ಜನ ಕರೆಯುವುದು ರಾಜೂಗೌಡ ಎಂದು) ವಿಜಯ ಸಂಕೇಶ್ವರರ ಕನ್ನಡನಾಡು ಪಕ್ಷದಿಂದ ಇಲ್ಲಿ ಗೆದ್ದರು. 2008ರಲ್ಲಿ ಅವರೇ ಬಿಜೆಪಿಯಿಂದ ಗೆದ್ದರು. ಗುರುತು ಬೇರೆ, ಬಾವುಟ ಬೇರೆ; ಬೆನ್ನಿಗಿದ್ದ ಜನ ಬಹುಪಾಲು ಅವರೇ. ಈ ಬೆಂಬಲಿಗರಿಗೆ ನಿಷ್ಠೆಯಿಲ್ಲ ಎನ್ನುವುದು ಅವಸರದ ಮಾತು. ನಿಷ್ಠೆ ಇತ್ತು, ಅದು ಮನುಷ್ಯನ ಮೇಲಿತ್ತು. ಎದುರಿಗೆ ಕಾಂಗ್ರೆಸ್ಸಿನ ರಾಜಾ ವೆಂಕಟಪ್ಪ ನಾಯಕರು, ಸುರಪುರದ ಅರಸು ಮನೆತನದವರು. 2013ರಲ್ಲಿ ಗೆದ್ದವರು ವೆಂಕಟಪ್ಪ ನಾಯಕರು, 2018ರಲ್ಲಿ ರಾಜೂಗೌಡರು, 2023ರಲ್ಲಿ ಮತ್ತೆ ವೆಂಕಟಪ್ಪ ನಾಯಕರು. ಇಬ್ಬರೂ ನಾಯಕ ಸಮುದಾಯದವರೇ ಆದ್ದರಿಂದ ಜಾತಿಯೊಂದನ್ನೇ ಹಿಡಿದು ಲೆಕ್ಕ ಹಾಕಿದರೆ ಉತ್ತರ ಸಿಗದು. ಎರಡೂ ಕಡೆಯ ಕಟ್ಟಾ ಬೆಂಬಲಿಗರು ಕದಲುವುದು ಅಪರೂಪ. ಸೋಲು ಗೆಲುವು ತೀರ್ಮಾನಿಸುವವರು ನಡುವಿನವರು.

ಇದೇ ಜಿಲ್ಲೆಯ ಶಹಾಪುರದಲ್ಲೂ ಬಾವುಟ ಹೀಗೇ ಬದಲಾಗಿದೆ. 2013ರಲ್ಲಿ ಗುರು ಪಾಟೀಲ ಶಿರವಾಳರು ಯಡಿಯೂರಪ್ಪನವರ ಕೆಜೆಪಿಯಿಂದ ಗೆದ್ದರು. ಮುಂದೆ ಆ ಪಕ್ಷವೇ ಬಿಜೆಪಿಯಲ್ಲಿ ಕರಗಿತು. 2018ರಲ್ಲಿ ಗೆಲುವು ಕಾಂಗ್ರೆಸ್ಸಿನ ಶರಣಬಸಪ್ಪ ದರ್ಶನಾಪುರರದು.

ಹಾಗಾದರೆ ಸಿದ್ಧಾಂತ ಎಲ್ಲಿದೆ? ಬೆಂಬಲಿಗನನ್ನು ಒಂದೇ ಪ್ರಶ್ನೆ ಕೇಳಿ: ‘ನಾಳೆ ನಿಮ್ಮ ಗೌಡರು ಪಕ್ಷ ಬಿಟ್ಟರೆ ನೀವೂ ಹೋಗ್ತೀರೇನ್ರೀ?’ ಹೌದೆಂದರೆ ಅದು ಕಡಿ. ಇಲ್ಲವೆಂದರೆ, ಯಾಕೆಂದು ಕೇಳಿ ತಾಳ್ಮೆಯಿಂದ ಕೂತುಕೊಳ್ಳಿ. ಒಬ್ಬರು ನಾರಾಯಣಪುರ ಕಾಲುವೆಯ ಕೊನೆಗೆ ನೀರು ಬಾರದಿರುವುದನ್ನು ಹೇಳಬಹುದು, ಇನ್ನೊಬ್ಬರು ಧರ್ಮ, ಮತ್ತೊಬ್ಬರು ಅಂಬೇಡ್ಕರ್. ನಿಲುವು ರೂಪುಗೊಳ್ಳುವುದು ಅಲ್ಲಿ. ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಕೈಗೆ ಬರುವ ಹೆಣ್ಣುಮಗಳು ಯಜಮಾನರ ಕಡಿಗೇ ಮತ ಹಾಕುತ್ತಾಳೆಂದು ಈಗ ನಾನಂತೂ ಹೇಳಲಾರೆ.

2024ರ ಮೇ 7ರಂದು ಸುರಪುರದಲ್ಲಿ ಎರಡು ಮತದಾನ ಒಟ್ಟಿಗೆ ನಡೆದವು. ರಾಜಾ ವೆಂಕಟಪ್ಪ ನಾಯಕರ ನಿಧನದಿಂದ ತೆರವಾದ ವಿಧಾನಸಭಾ ಸ್ಥಾನಕ್ಕೊಂದು, ರಾಯಚೂರು ಲೋಕಸಭೆಗೊಂದು. ಎರಡರಲ್ಲೂ ಕಾಂಗ್ರೆಸ್ಸೇ ಗೆದ್ದಿತು; ಇಲ್ಲಿ ಅವರ ಮಗ ರಾಜಾ ವೇಣುಗೋಪಾಲ ನಾಯಕ, ಅಲ್ಲಿ ಜಿ. ಕುಮಾರ ನಾಯಕ. ಆದರೆ ಮತಗಟ್ಟೆಯಲ್ಲಿ ಯಂತ್ರ ಎರಡಿದ್ದವು. ಎರಡರಲ್ಲೂ ಒಂದೇ ಗುರುತಿನ ಗುಂಡಿ ಒತ್ತಬೇಕೆಂಬ ಕಟ್ಟಳೆ ಇರಲಿಲ್ಲ. ಸುರಪುರದ ಯಾವುದಾದರೊಂದು ಬೂತಿನ ಆ ದಿನದ ಎರಡೂ ಲೆಕ್ಕ ತರಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ, ಕಡಿ ಎಷ್ಟು, ಪಕ್ಷ ಎಷ್ಟು ಎಂದು.