ಥೈರಾಯ್ಡ್ ಪರೀಕ್ಷೆ: ಅಂಕಿಗಳ ಅರ್ಥ

ಕಳೆದ ವರ್ಷ ನನ್ನ ಅಕ್ಕನಿಗೆ ಕಾರಣ ತಿಳಿಯದ ಆಯಾಸ ಕಾಣಿಸಿಕೊಂಡಿತು. ಎಷ್ಟು ಮಲಗಿದರೂ ನಿದ್ರೆ ಸಾಲದು, ಕೂದಲು ಉದುರುವುದು, ಗೌರಿಬಿದನೂರಿನ ಬಿಸಿಲಿನಲ್ಲಿಯೂ ಕೈಕಾಲು ತಣ್ಣಗೆ. ಮನೆಯವರೆಲ್ಲ ಅದನ್ನು ಸೋಮಾರಿತನವೆಂದು ಆಡಿಕೊಂಡರು; ನಾನೂ ಆಡಿದೆನು. ಕೊನೆಗೆ ರಕ್ತಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ‘ಟಿ.ಎಸ್.ಎಚ್. 6.2’ ಎಂದಿತ್ತು. ಅದನ್ನು ತಿಳಿಯಹೊರಟು ನಾನು ಕಲಿತುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿಯಿದೆ. ಅದು ಆಹಾರದ ಅಯೋಡಿನ್ನನ್ನು ಬಳಸಿ ಥೈರಾಕ್ಸಿನ್, ಎಂದರೆ ಟಿ-4 ಎಂಬ ಹಾರ್ಮೋನನ್ನು ತಯಾರಿಸುತ್ತದೆ. 1914ರಲ್ಲಿ ಅಮೆರಿಕದ ಕೆಂಡಾಲ್ ಎಂಬ ವಿಜ್ಞಾನಿ ಇದನ್ನು ಪ್ರತ್ಯೇಕಿಸಿದನು. ದೇಹದ ಶಾಖ, ನಾಡಿಯ ವೇಗ ಮುಂತಾದವು ಇದನ್ನು ಅವಲಂಬಿಸಿವೆ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಇದಕ್ಕೆ ಮೇಸ್ತ್ರಿಯಿದ್ದಂತೆ. ಆಳು ನಿಧಾನಿಸಿದರೆ ಮೇಸ್ತ್ರಿ ಗದರುವನಷ್ಟೆ. ಆ ಗದರಿಕೆಯೇ ಟಿ.ಎಸ್.ಎಚ್.

ವಯಸ್ಕರಲ್ಲಿ ಇದರ ಪ್ರಮಾಣ ಸುಮಾರು 0.4ರಿಂದ 4ರವರೆಗೆ ಇರುತ್ತದೆ. ಪ್ರಯೋಗಶಾಲೆಗಳಲ್ಲಿ ಈ ಮಿತಿ ತುಸು ಭಿನ್ನ. ಗರ್ಭಿಣಿಯರಿಗೆ ಬೇರೆ ಮಿತಿ. ಆದರೆ ಇದೊಂದೇ ಅಂಕಿಯನ್ನು ನೋಡಿ ನಿರ್ಣಯಿಸಲಾಗದು. ಟಿ.ಎಸ್.ಎಚ್. ಏರಿ ಟಿ-4 ಇಳಿದಿದ್ದರೆ ಗ್ರಂಥಿಯು ಮಂದವಾಗಿದೆ, ಚಿಕಿತ್ಸೆ ಬೇಕು. ಟಿ.ಎಸ್.ಎಚ್. ತೀರ ಇಳಿದು ಟಿ-4 ಏರಿದ್ದರೆ ದೇಹದಲ್ಲಿ ಹಾರ್ಮೋನು ಮಿತಿಮೀರಿದೆ. ಟಿ.ಎಸ್.ಎಚ್. ಸ್ವಲ್ಪವೇ ಏರಿ ಟಿ-4 ಸರಿಯಿದ್ದರೆ, ಸಾಮಾನ್ಯವಾಗಿ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಷ್ಟೋ ವೇಳೆ ಅದು ತಾನಾಗಿಯೇ ಇಳಿಯುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯೂ ಅಂಕಿಗಳನ್ನು ದಾರಿತಪ್ಪಿಸಬಲ್ಲದು. ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಅಕ್ಕನ ಟಿ-4 ಸರಿಯಾಗಿಯೇ ಇತ್ತು. ನಮ್ಮ ಸೋದರತ್ತೆಯವರು ತಾವು ನುಂಗುತ್ತಿದ್ದ ಥೈರಾಯ್ಡ್ ಮಾತ್ರೆಗಳನ್ನೇ ಕೊಡಲು ಮುಂದಾದರು. ವೈದ್ಯರು ಬೇಡವೆಂದರು. ಅನಗತ್ಯವಾಗಿ ನುಂಗಿದರೆ ಎದೆಬಡಿತ ಏರುವುದೆಂದು ಎಚ್ಚರಿಸಿ, ಹೀಮೋಗ್ಲೋಬಿನ್ ಪರೀಕ್ಷೆ ಬರೆದುಕೊಟ್ಟರು. ಹೆಂಗಸರಿಗೆ 12 ಗ್ರಾಂ ಇರಬೇಕಾದುದು ಅವಳಿಗೆ 8.4 ಮಾತ್ರ ಇತ್ತು! ಕಬ್ಬಿಣಾಂಶದ ಮಾತ್ರೆಗಳಿಂದ ಎರಡು ತಿಂಗಳಲ್ಲಿ ಅವಳು ಚೇತರಿಸಿಕೊಂಡಳು. ಆಗ ಟಿ.ಎಸ್.ಎಚ್. 3.6ಕ್ಕೆ ಇಳಿದಿತ್ತು.

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವನವಿಡೀ ಬೋಧಿಸಿದರು. ವರದಿಯ ಅಂಕಿಗೂ ಇದು ಸಲ್ಲುತ್ತದೆ. ಥೈರಾಯ್ಡ್ ಸರಿಯಿದೆಯೆಂದ ಮಾತ್ರಕ್ಕೆ ರೋಗಿಯ ಆಯಾಸ ಸುಳ್ಳಾಗದು. ಕಾರಣವನ್ನು ಬೇರೆಡೆ ಹುಡುಕಬೇಕು. ಅಕ್ಕನನ್ನು ಸೋಮಾರಿಯೆಂದ ನಾನು ಆ ಹುಡುಕಾಟವನ್ನು ತಿಂಗಳುಗಟ್ಟಲೆ ತಡಮಾಡಿದೆನಲ್ಲಾ ಎಂದು ಇಂದಿಗೂ ನೋಯುತ್ತೇನೆ. ನಿಮ್ಮ ಮನೆಗಳಲ್ಲಿ ಹಾಗಾಗದಿರಲಿ.