ಗೋಡೆ, ಕಾರ್ಖಾನೆ, ಸಿಕ್ಕು: ಆಂಟಿಬಯೋಟಿಕ್ ಎಲ್ಲಿ ಹೊಡೆಯುತ್ತೆ?

ಹಾಸ್ಟೆಲ್‌ನಲ್ಲಿ ಯಾರಿಗಾದರೂ ಗಂಟಲು ನೋವು ಅಂದ್ರೆ ಸಾಕು, ಪಕ್ಕದ ರೂಮಿನಿಂದ ಅರ್ಧ ಖಾಲಿಯಾದ ಅಜಿತ್ರೋಮೈಸಿನ್ ಸ್ಟ್ರಿಪ್ ಬರುತ್ತೆ. ಅದು ಒಳಗೆ ಹೋಗಿ ಏನು ಮಾಡುತ್ತೆ ಅಂತ ಕೇಳಿದ್ರೆ 'ಬ್ಯಾಕ್ಟೀರಿಯಾ ಸಾಯಿಸುತ್ತೆ' ಅಂತಾರೆ. ಸರಿ, ಆದರೆ ನಮ್ಮ ಜೀವಕೋಶಗಳನ್ನ ಬಿಟ್ಟು ಅದನ್ನ ಮಾತ್ರ ಹೇಗೆ ಸಾಯಿಸುತ್ತೆ? ಬ್ಯಾಕ್ಟೀರಿಯಾದಲ್ಲಿದ್ದು ನಮ್ಮಲ್ಲಿ ಇಲ್ಲದ, ಅಥವಾ ನಮ್ಮಲ್ಲಿ ಬೇರೆ ಥರ ಇರುವ ಭಾಗವನ್ನೇ ಪ್ರತಿ ಔಷಧಿಯೂ ಹುಡುಕಿಕೊಳ್ಳುತ್ತೆ.

ಮೊದಲನೆಯದು ಗೋಡೆ. ಸಿವಿಲ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ಬ್ಯಾಕ್ಟೀರಿಯಾದ ಸುತ್ತ ಪೆಪ್ಟಿಡೋಗ್ಲೈಕಾನ್ ಅನ್ನೋ ಜಾಲರಿ ಇರುತ್ತೆ, ಕಂಬಿಗಳನ್ನ ಬೈಂಡಿಂಗ್ ವೈರ್‌ನಿಂದ ಕಟ್ಟಿದ ಹಾಗೆ. ಕಟ್ಟುವ ಕೆಲಸ ಒಂದು ಕಿಣ್ವದ್ದು. 1928ರಲ್ಲಿ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್, ಅದರ ಸಂಬಂಧಿಗಳಾದ ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಎಲ್ಲವೂ ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನ ನಿಲ್ಲಿಸಿಬಿಡುತ್ತವೆ. ಬೆಳೆಯುತ್ತಿರುವ ಕೋಶ ಹಳೇ ಕಟ್ಟುಗಳನ್ನ ಬಿಚ್ಚುತ್ತಲೇ ಇರುತ್ತೆ, ಹೊಸ ಕಟ್ಟು ಬೀಳಲ್ಲ. ಒಳಗೆ ನೀರು ನುಗ್ಗಿ ಕೋಶ ಒಡೆದುಹೋಗುತ್ತೆ. ನಮ್ಮ ಕೋಶಗಳಿಗೆ ಇಂಥ ಗೋಡೆಯೇ ಇಲ್ಲ, ಹಾಗಾಗಿ ಈ ಗುಂಪು ಸಾಕಷ್ಟು ಸುರಕ್ಷಿತ. ಹೊಟ್ಟೆ ಕೆಡಬಹುದು. ನಿಜವಾದ ಭಯ ಅಲರ್ಜಿದು: ಕೆಲವರಿಗೆ ಅದು ಜೀವಕ್ಕೇ ಅಪಾಯ.

ಬ್ಯಾಕ್ಟೀರಿಯಾಗಳೂ ಸುಮ್ಮನಿರಲ್ಲ. ಪೆನಿಸಿಲಿನ್ನನ್ನೇ ಕತ್ತರಿಸುವ ಕಿಣ್ವ ಕೆಲವುಗಳ ಹತ್ತಿರ ಇದೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಸಿಡ್ ಸೇರಿಸೋದು ಆ ಕತ್ತರಿಯನ್ನ ಮೊಂಡು ಮಾಡೋಕೆ.

ಎರಡನೆಯದು ಪ್ರೋಟೀನ್ ಕಾರ್ಖಾನೆ, ಅಂದ್ರೆ ರೈಬೋಸೋಮ್. ನಮ್ಮದು 80ಎಸ್, ಬ್ಯಾಕ್ಟೀರಿಯಾದು 70ಎಸ್. ಅದರ ತುಂಡುಗಳು 50 ಮತ್ತು 30. (ಕೂಡಿದ್ರೆ 80 ಅಲ್ವಾ ಅನ್ನಬೇಡಿ. ಎಸ್ ತೂಕ ಅಲ್ಲ, ದ್ರವದಲ್ಲಿ ತಳಕ್ಕಿಳಿಯುವ ವೇಗದ ಅಳತೆ.) ಅಜಿತ್ರೋಮೈಸಿನ್ 50ಕ್ಕೆ ಅಂಟುತ್ತೆ, ಡಾಕ್ಸಿಸೈಕ್ಲಿನ್ 30ಕ್ಕೆ. ಮೊದಲನೆಯದು ಕೆಲವರಲ್ಲಿ ಹೃದಯದ ಲಯ ತಪ್ಪಿಸಬಹುದು. ಡಾಕ್ಸಿಸೈಕ್ಲಿನ್ ನುಂಗಿ ತಕ್ಷಣ ಮಲಗಿದ್ರೆ ಅನ್ನನಾಳ ಸುಡುತ್ತೆ, ಅದಕ್ಕೇ ಒಂದು ಲೋಟ ನೀರು ಕುಡಿದು ಸ್ವಲ್ಪ ಹೊತ್ತು ಕೂತಿರಬೇಕು. ಬಿಸಿಲಿಗೆ ಚರ್ಮವೂ ಬೇಗ ಕೆಂಪಾಗುತ್ತೆ. ಜೆಂಟಾಮೈಸಿನ್ ಕೂಡ 30ಕ್ಕೇ ಅಂಟೋದು, ಆದರೆ ಕಿವಿ, ಕಿಡ್ನಿ ಎರಡಕ್ಕೂ ತೊಂದರೆ ಕೊಡಬಲ್ಲದು.

ಇನ್ನು ಸಿಪ್ರೋಫ್ಲಾಕ್ಸಾಸಿನ್. ಜೇಬಿನಲ್ಲಿಟ್ಟ ಇಯರ್‌ಫೋನ್ ವೈರ್ ಥರ ಡಿಎನ್‌ಎ ಸುರುಳಿ ಸಿಕ್ಕಾಗದಂತೆ ನೋಡಿಕೊಳ್ಳೋದು ಗೈರೇಸ್ ಅನ್ನೋ ಕಿಣ್ವ. ಅದು ಡಿಎನ್‌ಎಯನ್ನ ಕತ್ತರಿಸಿ ಮತ್ತೆ ಜೋಡಿಸುತ್ತೆ. ಸಿಪ್ರೋ ಅದನ್ನ ಕತ್ತರಿಸಿದ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸುತ್ತೆ. ವಿಚಿತ್ರ ಅಂದ್ರೆ ಇದರ ಅಡ್ಡಪರಿಣಾಮ ಕಾಲಿನ ಹಿಮ್ಮಡಿ ಮೇಲಿನ ಸ್ನಾಯುರಜ್ಜುವಿಗೆ. ಅಪರೂಪಕ್ಕೆ ಅದು ಹರಿದೇ ಹೋಗುತ್ತೆ. ಹಾಲಿನ ಜೊತೆ ತಗೊಂಡ್ರೆ ಕ್ಯಾಲ್ಸಿಯಂ ಔಷಧಿಯನ್ನ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರೋದು ಕಮ್ಮಿಯಾಗುತ್ತೆ.

ಗೋಡೆ, ರೈಬೋಸೋಮ್, ಗೈರೇಸ್ ಈ ಮೂರೂ ವೈರಸ್‌ನಲ್ಲಿ ಇಲ್ಲ. ನೆಗಡಿಗೆ, ಡೆಂಗ್ಯೂಗೆ ಈ ಮಾತ್ರೆಗಳು ಹೊಡೆಯೋಕೆ ಗುರಿಯೇ ಇಲ್ಲ, ನಮ್ಮ ಹೊಟ್ಟೆಯ ಒಳ್ಳೇ ಬ್ಯಾಕ್ಟೀರಿಯಾಗಳನ್ನ ಬಿಟ್ಟು. ಮಲೆನಾಡಿನ ಎರಡು ಕಾಯಿಲೆ ನೋಡಿ: ಇಲಿ ಜ್ವರ ಮತ್ತು ಮಂಗನ ಕಾಯಿಲೆ. ಶುರುವಿನಲ್ಲಿ ಎರಡಕ್ಕೂ ಜ್ವರ, ತಲೆನೋವು, ಮೈಕೈ ನೋವು. ಇಲಿ ಜ್ವರ ಬ್ಯಾಕ್ಟೀರಿಯಾದಿಂದ, ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ವೈರಸ್‌ನಿಂದ, ಅಲ್ಲಿ ಅದೇ ಮಾತ್ರೆ ನಿಷ್ಪ್ರಯೋಜಕ. ಮೈ ಮುಟ್ಟಿ ನೋಡಿ ಇದು ಯಾವುದು ಅಂತ ಹೇಳೋಕೆ ರೂಮ್‌ಮೇಟ್‌ಗೆ ಆಗಲ್ಲ, ಅದಕ್ಕೆ ರಕ್ತ ಪರೀಕ್ಷೆಯೇ ಬೇಕು.